ನಡೆದು ಬಂದ ಹುಲ್ಲುಗಾವಲು

ಕಝಾಕರ ಸ್ಟೆಪ್ಪಿ ಹುಲ್ಲುಗಾವಲು ಈ ವರ್ಷ ರಾಣೆಬೆನ್ನೂರಿನ ಕಡೆಗೇ ನಡೆದು ಬರುತ್ತಿದೆ ಎಂದು ರೇಡಿಯೊ ಹೇಳಿದ ದಿನವೇ ಕುರಿಗಾಹಿ ಮಾಳವ್ವ ಗುರೆಳ್ಳು ಚಟ್ನಿ ಕುಟ್ಟಲು ಕೂತಳು. ಹಿಂದಿನ ಮೂರು ವರ್ಷ ಅದು ಪಡುವಣಕ್ಕೆ ತಿರುಗಿಬಿಟ್ಟಿತ್ತು. ಆ ಹುಲ್ಲಿನ ಮೇಲೆಯೇ ಬಾಳುವ ಕುದುರೆಗಾರನನ್ನು ಮದುವೆಯಾಗಿ ಹೋದ ಮಗಳು ಬೀರವ್ವನನ್ನು ಅವಳು ಆಮೇಲೆ ಕಂಡಿರಲಿಲ್ಲ. ಮೊಮ್ಮಗಳನ್ನಂತೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಹುಣ್ಣಿಮೆಯ ಮರುದಿನ ಬೆಳಿಗ್ಗೆ, ಬೆಳ್ಳಿ ಬಣ್ಣದ ಗರಿಹುಲ್ಲು ಹರದಾರಿಗಟ್ಟಲೆ ಅಗಲಕ್ಕೆ ಹರಡಿಕೊಂಡು, ಆಮೆಯ ನಡಿಗೆಯಲ್ಲಿ ಗುಡ್ಡ ಇಳಿದು ಬಂತು. ಮಾಳವ್ವನ ಕುರಿಗಳು ಯಾರ ಅಪ್ಪಣೆಗೂ ಕಾಯದೆ ಅದರ ಮೇಲೆ ಹತ್ತಿ ಮೇಯತೊಡಗಿದವು. ಅಂಚಿನಲ್ಲಿ ಬೀರವ್ವ ಕುದುರೆಯಿಂದ ಇಳಿದಳು.

"ಯವ್ವಾ, ಸೊರಗೀದಿ ಅಂತ ಅನಬ್ಯಾಡ ಮತ್ತ."

"ಎಲ್ಲಿ ಸೊರಗೀದಿ? ಕುದುರಿ ಹಾಲು ಕುಡುದು ದುಂಡಗಾಗೀದಿ," ಎಂದು ಮಾಳವ್ವ ಕಣ್ಣೊರೆಸಿಕೊಂಡು ನಕ್ಕಳು.

ಎರಡೂವರೆ ವರ್ಷದ ಮೊಮ್ಮಗಳು ಸೌಲೆ, ಹುಟ್ಟಿದ ಮೇಲೆ ಮೊದಲ ಸಲ, ಅಲುಗದೆ ನಿಂತ ನೆಲಕ್ಕೆ ಕಾಲಿಟ್ಟಳು. ದೋಣಿಯಿಂದ ಇಳಿದವಳಂತೆ ತೂರಾಡಿ ಅಜ್ಜಿಯ ಸೀರೆ ಹಿಡಿದುಕೊಂಡಳು. ತಾಯಿ ಕಲಿಸಿದ ಮಾತಿನಲ್ಲಿ ಕೇಳಿದಳು:

"ಅಜ್ಜೀ, ಈ ನೆಲ ಯಾಕ ನಡಿವಲ್ದು?"

ಮಾಳವ್ವ ಅವಳನ್ನು ಸೊಂಟಕ್ಕೇರಿಸಿಕೊಂಡಳು.

"ಎಲ್ಲಾರೂ ನಡಕೋಂತ ಹೋದ್ರ, ಬರೋರ ದಾರಿ ಕಾಯೋರು ಯಾರವ್ವ?"