ಬ್ರೇಕ್ ಪೆಡಲ್ ಮೇಲಿನ ಕಾಲು

ಕಲಘಟಗಿ ದಾಟಿದ ಮೇಲೆ ಹೈವೇ ಪಕ್ಕದಲ್ಲೊಂದು ಹಳೇ ಗ್ಯಾರೇಜ್...

ಡ್ರೈವರ್ ಫಕ್ಕೀರೇಶ ಮುಖ ಗಂಟು ಹಾಕಿಕೊಂಡೇ ಲಾರಿ ಇಳಿದ. ಬ್ರೇಕ್ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂದೆ ಸಿಮೆಂಟ್ ಲೋಡು, ಮುಂದೆ ಘಾಟ್ ಇಳಿಯಬೇಕು!

"ಪೈಪಿನಾಗ ಗಾಳಿ ಸೇರೇತಿ ತಮ್ಮಾ," ಎಂದರು ಮುದುಕ ಮಿಸ್ತ್ರಿ ದಾವಲಸಾಬ್. "ನೀ ಮ್ಯಾಲ ಕುಂತು ಪೆಡಲ್ ಒತ್ತಿ ಹಿಡಿ. ನಾ ಕೆಳಗ ನಟ್ ಸಡಿಲ ಮಾಡಿ ಗಾಳಿ ಬಿಡತೀನಿ. ಬಿಗಿ ಮಾಡೂತನಕ ಕಾಲು ಎತ್ತಿದಿ ಅಂದ್ರ ಗಾಳಿ ವಾಪಸ್ ಒಳಗ! ನಾ ಕೇಳಿದಾಗೊಮ್ಮೆ ಉತ್ತರ ಕೊಡಾಕಬೇಕು, ನೋಡು."

"ಹಿಡದೀಯೇನು?"

"ಹಿಡದೀನಿ ಚಾಚಾ!"

ಹೀಗೇ ಮೂರು ಗಾಲಿ ಮುಗಿಯಿತು...

ಅಷ್ಟರಲ್ಲಿ ಫೋನ್ ರಿಂಗಾಯಿತು. ಹೆಂಡತಿ ಕಸ್ತೂರಿ. ಫಕ್ಕೀರೇಶ ಕಟ್ ಮಾಡಿದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರದು ಮೂರು ದಿನ ಉಂಡು ಮಲಗಿದರೂ ಮುಗಿದಿರಲಿಲ್ಲ. ಆಕೆ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನೂ ಹೊಸ್ತಿಲಲ್ಲೇ ಬಿಟ್ಟು ಬಂದಿದ್ದ ಪುಣ್ಯಾತ್ಮ!

ಮತ್ತೆ ರಿಂಗ್. ಮತ್ತೆ ಕಟ್.

"ಹಿಡದೀಯೇನು?" ಕೆಳಗಿನಿಂದ ದನಿ ಬಂತು. ಸಿಟ್ಟಿನಲ್ಲಿದ್ದ ಫಕ್ಕೀರೇಶ ಮಾತಾಡಲಿಲ್ಲ.

"ತಮ್ಮಾ... ಹಿಡದೀಯೇನು?"

ನಟ್ ತಿರುಗಿಸುವ ಪಾನಾ ಬಿದ್ದ ಸದ್ದು... ನೋಡಿದರೆ ಮುದುಕ ಕ್ಯಾಬಿನ್ ಬಾಗಿಲು ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾರೆ!

"ಇಲ್ಲೇ ಅದೀನಲ್ಲ ಚಾಚಾ, ಏನಾತು?"

ಮುದುಕ ಫುಟ್‌ಬೋರ್ಡ್ ಮೇಲೆ ಕುಸಿದು ಕುಳಿತರು.

"ಇಪ್ಪತ್ತು ವರ್ಷ ನನ್ನ ಹೆಂಡತಿ ಮೌಲಾಬಿ ಪೆಡಲ್ ಒತ್ತತಿದ್ಲು. ನಾ ಕೆಳಗ, ಆಕಿ ಮ್ಯಾಲ. ಮಾರಿ ಕಾಣತಿರಲಿಲ್ಲ, ಬರೇ ದನಿ... ಅವತ್ತ ಮುಂಜಾನೆ ಚಾ ತಡ ಆತಂತ ಬಾಯಿಗೆ ಬಂದಂಗ ಬೈದಿದ್ದೆ. ಕಡೀ ಗಾಲಿಗೆ 'ಹಿಡದೀಯೇನು' ಅಂದೆ. ಉತ್ತರ ಇಲ್ಲ. ಸಿಟ್ಟು ಮಾಡ್ಯಾಳ, ಮಾಡಲಿ ಬಿಡು ಅಂದ್ಕೊಂಡೆ... ನಟ್ ಬಿಗಿ ಮಾಡಿ, ಕೈ ತೊಳಕೊಂಡು, ಆರಾಮ ಕುಂತು ಒಂದು ಬೀಡಿ ಸೇದಿದೆ."

"ಆಮ್ಯಾಲ?"

"ಹೋಗಿ ನೋಡಿದರ ಸ್ಟೇರಿಂಗ್ ಮ್ಯಾಲ ತಲಿ ಇಟ್ಟಿದ್ಲು. ಎದಿ ನಿಂತಿತ್ತು... ಕಾಲು ಮಾತ್ರ ಪೆಡಲ್ ಬಿಟ್ಟಿರಲಿಲ್ಲ ತಮ್ಮಾ! ಹತ್ತು ನಿಮಿಷ ಮೊದಲ ತರಬೇಕಿತ್ತು ಅಂದ್ರು ಡಾಕ್ಟರು. ನಾ ಬೀಡಿ ಸೇದಿದ್ದು ಅಷ್ಟ ಹೊತ್ತು..."

ಮುದುಕ ಮಗುವಿನಂತೆ ಅತ್ತರು. ಫಕ್ಕೀರೇಶ ಮತ್ತೆ ಪೆಡಲ್ ಒತ್ತಿ ಹಿಡಿದ, ಈ ಸಲ ಕೇಳಿದಾಗೊಮ್ಮೆ ಉತ್ತರ ಕೊಟ್ಟ.

ನಾಲ್ಕನೇ ಗಾಲಿಯೂ ಮುಗಿಯಿತು. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಆದರೆ ಅವನು ಲಾರಿ ಸ್ಟಾರ್ಟ್ ಮಾಡಲಿಲ್ಲ... ಮನೆಗೆ ಫೋನ್ ಹಚ್ಚಿದ.

ಪೂರ್ತಿ ರಿಂಗಾಗಿ ನಿಂತಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ಇಲ್ಲ...

ಮೂರನೇ ಸಲ ಎತ್ತಿದಳು. ಹಲೋ ಎನ್ನಲಿಲ್ಲ, ಬರೀ ಬಿಕ್ಕುವ ಸದ್ದು.

"ಕಸ್ತೂರಿ... ಅದೀಯೇನ?"

"ಅದೀನ್ರಿ..." ಎಂದಳು. "ಏನರ ಉಂಡ್ರಿಲ್ಲೋ?"

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಲಾರಿಯ ಕೆಳಗೆ ಪಾನಾ ಎತ್ತಿಡುತ್ತಿದ್ದ ಮುದುಕ, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡರು.

ಮೌನವೆಲ್ಲ ಸಿಟ್ಟಲ್ಲ... ಉತ್ತರ ಬಾರದಿದ್ದಾಗ ಎದ್ದು ಹೋಗಿ ಒಮ್ಮೆ ಮುಖ ನೋಡಿ.

ಇವತ್ತು ನೀವು ಕಟ್ ಮಾಡಿದ ಕಾಲ್ ಯಾರದು?