ಬಿಳಿ ಕಲ್ಲಿನ ಕಪ್ಪು ಕುಳಿ

ಅಜ್ಜಿ ಮಖಮಲ್ಲಿಗೆ ಕತ್ತರಿ ಹಾಕುವ ಮೊದಲೇ ತಾನು ಮಾಡಿದ ಕಪ್ಪು ಕುಳಿಯ ಮಾದರಿಯನ್ನು ತೋರಿಸಿಬಿಡಬೇಕೆಂದು ಮೊಮ್ಮಗಳು ಹೊಲಿಗೆ ಅಂಗಡಿಗೆ ಓಡಿ ಬಂದಳು. ಆ ಮಖಮಲ್ಲು ಮದುಮಗಳ ಕೋಟಿನದು. ಎಲ್ಲಿಂದಲೋ ತರಿಸಿದ್ದು, ಇನ್ನೊಂದು ಗೇಣು ಬೇಕೆಂದರೂ ಸಿಗುವುದಿಲ್ಲ. "ಅಜ್ಜಿಯೇ ಕತ್ತರಿಸಬೇಕು, ಬೇರೆ ಯಾರ ಕೈಗೂ ಕೊಡಬೇಡಿ" ಎಂದು ಮದುಮಗಳ ತಾಯಿ ಹಠ ಹಿಡಿದು ಬಟ್ಟೆ ಬಿಟ್ಟುಹೋಗಿದ್ದಳು. ಕೈನೋವು ಎಂದು ತಿಂಗಳುಗಟ್ಟಲೆ ಕತ್ತರಿ ಮುಟ್ಟದೆ, ಅಂಗಡಿಯ ನಡುವಿನ ಕುರ್ಚಿಯಲ್ಲಿ ಕೂತು ಬರೀ ಬಾಯಲ್ಲೇ ಕೆಲಸ ನಡೆಸುತ್ತಿದ್ದ ಅಜ್ಜಿ ಇವತ್ತು ಎದ್ದು ಮೇಜಿನ ಹತ್ತಿರ ಬಂದಿದ್ದಳು. ಆಚೆ ಮೂಲೆಯಲ್ಲಿ ಸೊಸೆ, ಹುಡುಗಿಯ ಅಮ್ಮ, ಮಿಷನ್ ತುಳಿಯುತ್ತಿದ್ದಳು.

"ಅಜ್ಜಿ, ಒಂದೇ ನಿಮಿಷ ನೋಡು. ನಾಳೆ ಕ್ಲಾಸಲ್ಲಿ ತೋರಿಸ್ಬೇಕು." ಕಸೂತಿಯ ರಿಂಗಿಗೆ ಬನಿಯನ್ ಬಟ್ಟೆಯನ್ನು ಬಿಗಿದು, ಬಟ್ಟೆ ಹಾರದಂತೆ ಮೇಜಿನ ಮೇಲೆ ಇಡುವ ಕಲ್ಲೊಂದನ್ನು ಅದರ ನಡುವೆ ಇಟ್ಟಿದ್ದಳು. ಕಲ್ಲಿನ ಭಾರಕ್ಕೆ ಬಟ್ಟೆ ಜಗ್ಗಿ ಗುಳಿ ಬಿದ್ದಿತ್ತು.

"ಅಬ್ಬಬ್ಬಾ!" ಅಜ್ಜಿ ಬಗ್ಗಿದಳು. "ಎಂಥಾ ಕಪ್ಪೇ ಇದು! ಹತ್ತು ಅಮಾವಾಸ್ಯೆ ಅರೆದು ಬಳಿದ ಹಾಗಿದೆ. ಇನ್ನೊಂಚೂರು ನೋಡಿದ್ರೆ ನನ್ನ ಕಣ್ಣೇ ಉದುರಿ ಒಳಗೆ ಬಿದ್ದುಬಿಡುತ್ತೆ."

ಮೊಮ್ಮಗಳು ನಕ್ಕಳು. ಕಪ್ಪು ಕಲ್ಲು ಸಿಗದೆ ಅವಳು ಇಟ್ಟಿದ್ದು ಹಾಲಿನಂಥ ಬಿಳಿ ಕಲ್ಲು. ಅಜ್ಜಿ ಗೇಲಿ ಮಾಡದೆ ಬಿಟ್ಟ ದಿನವಾದರೂ ಯಾವುದು?

"ತುಂಬಾ ದೊಡ್ಡ ನಕ್ಷತ್ರ ಉರಿದು ಉರಿದು ಮುಗಿದ ಮೇಲೆ ತನ್ನ ಭಾರಕ್ಕೆ ತಾನೇ ಒಳಕ್ಕೆ ಕುಸಿಯುತ್ತೆ ಅಜ್ಜಿ. ಇಷ್ಟೇ ಇಷ್ಟು ಜಾಗದಲ್ಲಿ ಅಷ್ಟೂ ಭಾರ. ತೀರಾ ಹತ್ರ ಹೋದದ್ದು ಯಾವುದೂ ವಾಪಸ್ ಬರಲ್ಲ."

"ನಿಮ್ಮ ತಾತನ ಹೊಟ್ಟೆ ಅನ್ನು. ಹಾಕಿದ್ದೆಲ್ಲ ಒಳಗೆ, ಹೊರಗೆ ಬರ್ತಿದ್ದುದು ಗೊರಕೆ ಒಂದೇ. ಆ ಗೊರಕೆಗೆ ಬೀದಿ ಕೊನೆ ಮನೆಯ ಹೆಂಚು ಹಾರ್ತಿತ್ತು."

"ಇದ್ರಿಂದ ಗೊರಕೆನೂ ಬರಲ್ಲ. ಬೆಳಕೇ ಬರಲ್ಲ!"

"ಅತ್ತೆ, ಅವಳ ಪಾಠ ಆಮೇಲೆ ಕೇಳಿ" ಎಂದಳು ಸೊಸೆ, ತಲೆ ಎತ್ತದೆ. "ಕತ್ತರಿಸಿದ್ದನ್ನ ನೋಡೋಕೆ ಮದುವೆ ಮನೆಯವರು ಬರೋ ಹೊತ್ತಾಯ್ತು. ನನಗಂತೂ ಆ ಬಟ್ಟೆ ಮುಟ್ಟೋಕೇ ಭಯ."

"ನಿನ್ನ ಮಿಷನ್ ನೀನು ತುಳಿಯಮ್ಮಾ. ಹೂಂ, ಹೇಳೇ ಪುಟ್ಟಿ. ನಮ್ಮ ಸೂರ್ಯ ಹೀಗಾದ್ರೆ ನಾವೆಲ್ಲ ಗುಳುಂ?"

"ನಮ್ಮ ಸೂರ್ಯ ಅಷ್ಟು ದೊಡ್ಡದಲ್ಲ, ಹಾಗಾಗಲ್ಲ. ಆಯ್ತು ಅಂತ್ಲೇ ಇಟ್ಕೊ, ಆದ್ರೂ ನುಂಗಲ್ಲ! ಭಾರ ಅಷ್ಟೇ ಇರುತ್ತಲ್ಲ, ಎಳೆಯೋದೂ ಅಷ್ಟೇ. ಭೂಮಿ ಈಗ ಹೇಗೆ ಸುತ್ತುತ್ತೋ ಹಾಗೇ ಸುತ್ತುತ್ತಾ ಇರುತ್ತೆ. ಬೆಳಕು ಇರಲ್ಲ, ಅಷ್ಟೇ." ಅವಳು ರಿಂಗಿನ ಅಂಚಿನಲ್ಲಿ ಒಂದು ಮಣಿ ಬಿಟ್ಟಳು. ಅದು ಸರ್ರನೆ ಕಲ್ಲಿನ ಸುತ್ತ ತಿರುಗಿತು.

ಅಜ್ಜಿ ಮಣಿಯ ಸದ್ದಿಗೆ ಕಿವಿಗೊಟ್ಟು ನಿಂತಳು. "ಸುತ್ತೋರಿಗೆ ಗೊತ್ತೇ ಆಗಲ್ವೇನೇ?"

"ಕತ್ತಲಾದ್ರೆ ಗೊತ್ತಾಗಲ್ವಾ ಅಜ್ಜಿ!"

"ತಲೆ ಬಗ್ಗಿಸಿಕೊಂಡು ಅವರವರ ಕೆಲಸದಲ್ಲಿ ಇದ್ರೆ?"

 ಅಜ್ಜಿ ಆಗಲೇ ಮಖಮಲ್ಲಿನ ಕಡೆ ತಿರುಗಿದ್ದಳು. ಎಡಗೈ ಬೆರಳುಗಳು ಬಟ್ಟೆಯ ಮೇಲೆ ಹೋದವು, ಬಂದವು, ಮತ್ತೆ ಹೋದವು.

"ಗೆರೆ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕು ಅಂದಿದ್ನಲ್ಲಮ್ಮಾ?"

"ಮಖಮಲ್ ಅಲ್ವಾ ಅತ್ತೆ, ಸೂಜಿ ಗುರುತು ಹಾಗೇ ಉಳಿದುಬಿಡುತ್ತೆ. ಸೀಮೆಸುಣ್ಣದಲ್ಲಿ ದಪ್ಪಗೆ ಎಳೆದಿದ್ದೀನಿ ನೋಡಿ. ಕುರುಡರಿಗೂ ಕಾಣುತ್ತೆ."

ಅಜ್ಜಿ ಏನೂ ಅನ್ನಲಿಲ್ಲ. ಆ ಬಾಯಿ ಒಂದು ಮಾತಿಗೆ ತಿರುಗಿ ಏನೂ ಹೇಳದೆ ಬಿಟ್ಟಿದ್ದನ್ನು ಮೊಮ್ಮಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕತ್ತರಿ ತೆರೆದುಕೊಂಡಿತು. ಸುಣ್ಣದ ಗೆರೆ ಎಡಕ್ಕಿತ್ತು. ಕತ್ತರಿ ಕೋಟಿನ ಬೆನ್ನಿನ ನಟ್ಟನಡುವಿಗೆ ಹೊರಟಿತ್ತು. ಅಜ್ಜಿಯ ಮುಖ ಬಟ್ಟೆಯ ಕಡೆಗೂ ಇರಲಿಲ್ಲ, ಬಾಗಿಲ ಕಡೆಗಿತ್ತು.

ಮೊಮ್ಮಗಳು ರಿಂಗಿನಲ್ಲಿದ್ದ ಬಿಳಿ ಕಲ್ಲಿನ ಕಡೆ ತಿರುಗಿ ನೋಡಿದಳು.

"ಅಜ್ಜೀ, ಬೇಡ! ಈ ಕಲ್ಲು ಬಿಳೀದು!"

ಮಿಷನ್ ಗಕ್ಕನೆ ನಿಂತಿತು. ಮಗಳಿಗೆ ಹುಚ್ಚು ಹಿಡಿಯಿತೇ ಎಂದುಕೊಂಡು ಸೊಸೆ ತಲೆ ಎತ್ತಿದಳು. ಕಲ್ಲು ನೋಡಿದಳು, ಮಖಮಲ್ಲನ್ನು ಕಚ್ಚಲು ಕೂದಲೆಳೆಯಷ್ಟು ಬಾಕಿಯಿದ್ದ ಕತ್ತರಿ ನೋಡಿದಳು, ಬರಿಗಾಲಲ್ಲಿ ಮೇಜು ಬಳಸಿ ಬಂದು ಅತ್ತೆಯ ಮಗ್ಗುಲಲ್ಲಿ ನಿಂತಳು. ಮುಖದ ಮುಂದೆ ಅಂಗೈ ಆಡಿಸಿದಳು. ರೆಪ್ಪೆ ಮಿಟುಕಲಿಲ್ಲ. ಅದೇ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಟೀ ಲೋಟ ಕೈಗೇ ಕೊಡು ಎಂಬ ಜಬರದಸ್ತು, ದಾರ ತಂದಾಗಲೆಲ್ಲ "ಯಾವ ಬಣ್ಣ ಹೇಳು, ನಿನ್ನ ಕಣ್ಣು ಪರೀಕ್ಷೆ ಮಾಡ್ತೀನಿ" ಎಂಬ ತಮಾಷೆ, ಎಲ್ಲವನ್ನೂ ಇಷ್ಟು ದಿನ ಅತ್ತೆಯ ದೌಲತ್ತು ಎಂದು ಬೈದುಕೊಂಡೇ ಮಾಡಿದ್ದಳು.

ಅಜ್ಜಿಯ ಕೈಯಲ್ಲಿ ಕತ್ತರಿ ನಿಂತಲ್ಲೇ ನಿಂತಿತ್ತು.

"ಬೈಯಮ್ಮಾ, ಒಂದ್ಸಲ ಬಾಯಿ ತುಂಬಾ ಬೈದುಬಿಡು" ಎಂದಳು ಅಜ್ಜಿ.

ಸೊಸೆ ಬಾಯಿಂದ ಅಂಗೈ ತೆಗೆಯಲಿಲ್ಲ.  ಆಮೇಲೆ ಅಜ್ಜಿ ಕತ್ತರಿಯನ್ನು ಮುಚ್ಚಿ, ತಿರುಗಿಸಿ, ಹಿಡಿಯನ್ನು ಮುಂದೆ ಮಾಡಿ, "ತಗೋ, ಇನ್ಮೇಲೆ ಇದು ನಿಂದು" ಎಂದು, ಮಗ್ಗುಲಲ್ಲೇ ನಿಂತಿದ್ದ ಸೊಸೆಗೆ ಬೆನ್ನು ಹಾಕಿ, ಮೂಲೆಯ ಖಾಲಿ ಮಿಷನ್ನಿನ ಕಡೆಗೆ ಕೈ ಚಾಚಿದಳು.