ಬುಧವಾರದ ಅಪ್ಪಣೆ

"ಮಗನ ಮೈಮೇಲೆ ಯಾವ ದೇವ್ರು ಬಂದದೆ ಅಂತ ಮಾರಮ್ಮನ್ನ ಕೇಳಿ ಹೇಳು, ಚೌಡಕ್ಕ."

"ಮಾರಮ್ಮ ನನ್ನ ಮೈಮೇಲೆ ಬರೋದು ಮಂಗಳವಾರ, ಶುಕ್ರವಾರ ಮಾತ್ರ. ಇವತ್ತು ಬುಧವಾರ," ಎಂದಳು ಕೆಂಪಚೌಡಮ್ಮ. "ಅವನಿಗೇನಾಗದೆ, ಅದ ಹೇಳು."

"ಆರು ತಿಂಗಳಿಂದ ಯಾರೋ ಕಿವೀಲಿ ಬೈತಾರಂತೆ. ನಾನಿಕ್ಕೋ ಮುದ್ದೇಲೂ ವಿಷ ಅದೆ ಅಂತಾನೆ. ಸ್ನಾನ ಇಲ್ಲ, ನಿದ್ದೆ ಇಲ್ಲ."

"ಬಂದ ದೇವ್ರು ಗಳಿಗೇಲಿ ಇಳೀತದೆ ಕಣೇ! ಆರು ತಿಂಗಳಾದ್ರೂ ಇಳೀದೆ ಇರೋದು ಕಾಯಿಲೆ. ಮನಸ್ಸಿನ ಡಾಕ್ಟ್ರತ್ರ ಕರ್ಕೊಂಡೋಗು."

"ಊರೋರು ಹುಚ್ಚ ಅನ್ನಲ್ವಾ? ನೀ ಹೇಳಿದ್ರೆ ಹೋಗಕ್ಕಿಲ್ಲ. ಮಾರಮ್ಮ ಹೇಳ್ಲಿ, ಈಗಿಂದೀಗ್ಲೇ ಹೊರಡ್ತೀನಿ."

ಕೆಂಪಚೌಡಮ್ಮ ಗುಡಿಯೊಳಗಿದ್ದ ಮಾರಮ್ಮನನ್ನೇ ಒಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ತುರುಬು ಬಿಚ್ಚಿ ಕೆದರಿಕೊಂಡು, ಆ ಬುಧವಾರವೇ ಹೂಂಕರಿಸಿ ಕುಣಿಯತೊಡಗಿದಳು.